ಒಂದು ಗಣಕಯಂತ್ರ, ಎರಡು ಕಾರ್ಯವ್ಯವಸ್ಥೆಗಳು

ಗಣಕಯಂತ್ರವೆಂದರೆ ಕಣ್ಣಿಗೆ ಕಾಣುವ ಪರದೆ, ಕೀಲಿಮಣೆ, ಪೆಟ್ಟಿಗೆ ಇವುಗಳ ಸಮೂಹವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ವರ್ಣಗಳು ಇದ್ದ ಮಾತ್ರಕ್ಕೆ ವಾಕ್ಯವಾಗುವುದಿಲ್ಲ. ವರ್ಣಗಳನ್ನು ಪದವಾಗಿಯೂ ಪದಗಳನ್ನು ವಾಕ್ಯವಾಗಿಯೂ ಅನ್ವಯಿಸುವ ವ್ಯಾಕರಣವೊಂದು ಬೇಕು. ಹಾಗೆಯೇ ಯಂತ್ರದ ಬಿಡಿ ಅಂಗಗಳನ್ನು ಪರಸ್ಪರ ಹೊಂದಿಸಿ, ಒತ್ತಿದ ಕೀಲಿಯನ್ನು ಅಕ್ಷರವಾಗಿ ಪರದೆಗೆ ತಂದು, ಬರೆದುದನ್ನು ಕಡತವಾಗಿ ಕಾಪಿಟ್ಟು, ಮುದ್ರಣಯಂತ್ರಕ್ಕೆ ಆಜ್ಞೆ ಕೊಡುವ ಮೂಲ ತಂತ್ರಾಂಶವೊಂದುಂಟು. ಆಪರೇಟಿಂಗ್ ಸಿಸ್ಟಂ ಎಂಬುದು ಅದರ ರೂಢಿಯ ಹೆಸರು. ಇಲ್ಲಿ ಅದನ್ನು ಕಾರ್ಯವ್ಯವಸ್ಥೆ ಎಂದು ಕರೆಯೋಣ. ಒಂದೇ ಯಂತ್ರದಲ್ಲಿ ಇಂತಹ ಎರಡು ವ್ಯವಸ್ಥೆಗಳನ್ನು ನೆಲೆಗೊಳಿಸುವುದು ಏಕೆ ಅಗತ್ಯ, ಅದರ ಕ್ರಮವೇನು, ಅದರ ಮಿತಿಗಳೇನು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ಯಥಾಮತಿ ವಿವೇಚಿಸಲಾಗಿದೆ.

ಮೊದಲು ಅಗತ್ಯದ ವಿಚಾರ. ನಮ್ಮ ಶಾಲೆಗಳ ಗಣಕಯಂತ್ರಗಳಲ್ಲಿ ಬಹುಮಟ್ಟಿಗೆ ಇರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆ. ೨೦೧೫ರಲ್ಲಿ ಹೊರಬಂದ ವಿಂಡೋಸ್ ೧೦ಕ್ಕೆ ಆ ಸಂಸ್ಥೆಯು ನೀಡುತ್ತಿದ್ದ ಸಾರ್ವತ್ರಿಕ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಕ್ತಾಯಗೊಂಡಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಕೆಲಕಾಲದ ವಿಸ್ತರಣೆ ದೊರೆಯಿತು. ಬೆಂಬಲವು ನಿಂತಿತೆಂದರೆ ಯಂತ್ರವು ನಿಂತಿತೆಂದು ಅರ್ಥವಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದು ನಿಂತಿತೆಂದು ಅರ್ಥ. ಬಾಗಿಲಿದ್ದು ಅಗುಳಿ ಸಡಿಲವಾದ ಮನೆಯಂತೆ ಅದರ ಸ್ಥಿತಿ. ೨೦೨೧ರಲ್ಲಿ ಬಂದ ವಿಂಡೋಸ್ ೧೧ನ್ನು ಹಾಕೋಣವೆಂದರೆ ಅದು ಟಿ.ಪಿ.ಎಂ. ೨.೦ ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಸಂಸ್ಥೆಯದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಆ ಬಳಿಕದ ಪ್ರೊಸೆಸರನ್ನೂ ಬಯಸುತ್ತದೆ. ಆದುದರಿಂದ ೨೦೧೭ಕ್ಕಿಂತ ಹಿಂದಿನ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಪ್ರಾಯಃ ಅದಕ್ಕೆ ಅನರ್ಹವಾಗುತ್ತವೆ. ದಾನಿಗಳು ಶ್ರದ್ಧೆಯಿಂದ ಕೊಟ್ಟ ಯಂತ್ರಗಳನ್ನು, ಅವು ಕೆಡದಿರುವಾಗಲೇ, ಮೂಲೆಗೆ ಸೇರಿಸುವುದು ದಾನಕ್ಕೆ ಸಲ್ಲುವ ಗೌರವವಲ್ಲ.

ಈ ಸಂಕಟಕ್ಕೆ ಪರಿಹಾರವಾಗಿ ಒದಗುವುದು ಲಿನಕ್ಸ್. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಇದರ ಮೂಲಭಾಗವನ್ನು ರಚಿಸಿ, ಎಲ್ಲರೂ ನೋಡಿ ತಿದ್ದುವಂತೆ ಬಹಿರಂಗಪಡಿಸಿದರು. ಅದಕ್ಕೂ ಮುನ್ನ ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಸಾರಿದ ಗ್ನೂ ಯೋಜನೆಯ ಉಪಕರಣಗಳು ಇದರೊಡನೆ ಕೂಡಿಕೊಂಡವು. ಹೀಗೆ ಬೆಳೆದ ವ್ಯವಸ್ಥೆಯು ಇಂದು ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಹಲವು ರೂಪಗಳಲ್ಲಿ ಹಣವಿಲ್ಲದೆ ದೊರೆಯುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಪಾಠಕ್ಕೆ ಬಳಕೆಯಾಗುತ್ತಿರುವುದು ಇದೇ. ಲಿನಕ್ಸ್ ಮಿಂಟ್ ನಾಲ್ಕು ಗಿಗಾಬೈಟ್ ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿಯೂ ಸಮಾಧಾನಕರವಾಗಿ ನಡೆಯುತ್ತದೆ.

ಹಾಗಾದರೆ ವಿಂಡೋಸನ್ನು ಅಳಿಸಿ ಲಿನಕ್ಸನ್ನೇ ಹಾಕಬಾರದೇಕೆ ಎಂಬ ಶಂಕೆ ಸಹಜ. ಕನ್ನಡ ಶಾಲೆಗಳ ಮಟ್ಟಿಗೆ ಇದಕ್ಕೊಂದು ಪ್ರಬಲವಾದ ಉತ್ತರವುಂಟು. ನಮ್ಮ ಕಚೇರಿಗಳ ಪತ್ರಗಳು, ಪ್ರಶ್ನಪತ್ರಿಕೆಗಳು, ಸ್ಮರಣಸಂಚಿಕೆಗಳ ಲೇಖನಗಳು ಬಹುವರ್ಷ ಸಿದ್ಧವಾದುದು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ. ಅದರ ಹಳೆಯ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್ ಎಂಬ ವಿಶ್ವಮಾನ್ಯ ಕ್ರಮದಲ್ಲಾದರೋ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸ್ಥಾನವುಂಟು. ಲಿನಕ್ಸ್ ಅನುಸರಿಸುವುದು ಅದನ್ನೇ. ಆದಕಾರಣ ಹಳೆಯ ಕಡತಗಳೆಲ್ಲ ಯೂನಿಕೋಡಿಗೆ ಪರಿವರ್ತನೆಗೊಂಡು, ಒಬ್ಬರು ಓದಿ ತಪ್ಪು ತಿದ್ದುವವರೆಗೆ ವಿಂಡೋಸ್ ಉಳಿದಿರಬೇಕು. ಹೊಸದನ್ನು ತರುವ ಉತ್ಸಾಹದಲ್ಲಿ ಇಪ್ಪತ್ತು ವರ್ಷಗಳ ಕನ್ನಡ ಬರೆಹವನ್ನು ಓದಲಾಗದಂತೆ ಮಾಡಿಕೊಳ್ಳಬಾರದು. ಎರಡು ವ್ಯವಸ್ಥೆಗಳ ಸಹವಾಸಕ್ಕೆ ನಿಜವಾದ ಕಾರಣ ಇದು.

ಇನ್ನು ಕ್ರಮವನ್ನು ನೋಡೋಣ. ಯಂತ್ರದ ಹಾರ್ಡ್‌ಡಿಸ್ಕನ್ನು ಒಂದು ಹೊಲವೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಅದರಲ್ಲಿ ಮಾಡುವ ಪಾರ್ಟಿಷನ್ ಎಂಬುದು ಬದು ಹಾಕಿ ಪ್ರತ್ಯೇಕಿಸಿದ ಹಿಸ್ಸೆ. ಯಾವ ಹಿಸ್ಸೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಡಿಸ್ಕಿನಲ್ಲಿರುವ ಒಂದು ಪಟ್ಟಿಯು ಹೇಳುತ್ತದೆ. ಅದೇ ಇದರ ಪಹಣಿ. ವಿಂಡೋಸ್ ತನ್ನ ಹಿಸ್ಸೆಯಲ್ಲಿ ಕಡತಗಳನ್ನು ಎನ್.ಟಿ.ಎಫ್.ಎಸ್. ಎಂಬ ಪದ್ಧತಿಯಲ್ಲಿ ಜೋಡಿಸಿಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಇ.ಎಕ್ಸ್.ಟಿ. ೪ ಎಂಬ ಪದ್ಧತಿಯನ್ನು ಬಳಸುತ್ತದೆ. ಲಿನಕ್ಸ್ ವಿಂಡೋಸಿನ ಹಿಸ್ಸೆಯನ್ನು ಓದಬಲ್ಲದು. ವಿಂಡೋಸ್ ಲಿನಕ್ಸಿನದನ್ನು ತಾನಾಗಿ ಓದದು.

ಪ್ರಥಮ ಕರ್ತವ್ಯ ಪ್ರತಿ ತೆಗೆಯುವುದು. ಜೀರ್ಣವಾದ ಓಲೆಕಟ್ಟನ್ನು ಕೈಗೆತ್ತಿಕೊಂಡ ಲಿಪಿಕಾರನು ಮೂಲಕ್ಕೆ ಚ್ಯುತಿ ಬಾರದಂತೆ ಪ್ರತಿ ಮಾಡಿಟ್ಟ ಹಾಗೆ, ಎಲ್ಲ ಕಡತಗಳನ್ನೂ ನುಡಿಯ ಅಕ್ಷರವಿನ್ಯಾಸಗಳ ಸಹಿತ ಬೇರೊಂದು ಹೊರಡಿಸ್ಕಿಗೆ ಇಳಿಸಬೇಕು. ಇಳಿಸಿದರೆ ಸಾಲದು, ಆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ಕೆಲವು ಕಡತಗಳನ್ನು ತೆರೆದು ಪರೀಕ್ಷಿಸಬೇಕು. ಪರೀಕ್ಷಿಸದ ಪ್ರತಿ ಪ್ರತಿಯಲ್ಲ. ಯಂತ್ರದಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆ ಚಾಲ್ತಿಯಲ್ಲಿದ್ದರೆ ಅದರ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದು ಕಚೇರಿಯ ಬೀರುವಿನಲ್ಲಿ ಇಡಬೇಕು. ಆರಂಭಕ್ರಮದಲ್ಲಿ ಬದಲಾವಣೆಯಾದಾಗ ವಿಂಡೋಸ್ ಆ ಕೀಲಿಯನ್ನು ಕೇಳಬಹುದು. ಅದಿಲ್ಲದಿದ್ದರೆ ಕಡತಗಳು ಕಣ್ಣೆದುರಿಗಿದ್ದೂ ಕೈಗೆಟುಕವು.

ದ್ವಿತೀಯ ಕರ್ತವ್ಯ ವಿಂಡೋಸಿನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯವನ್ನು ನಿಲ್ಲಿಸುವುದು. ಇದು ಇರುವಾಗ ಯಂತ್ರವನ್ನು ಆರಿಸಿದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳದೆ ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಉಗ್ರಾಣದವನು ಲೆಕ್ಕ ಮುಗಿಸದೆ ಬೀಗ ಹಾಕಿ ಹೋದಂತೆ ಅದು. ಅಂತಹ ಸಮಯದಲ್ಲಿ ಇನ್ನೊಂದು ವ್ಯವಸ್ಥೆಯು ಒಳಹೊಕ್ಕು ಬರೆದರೆ ಲೆಕ್ಕ ಕೆಡುತ್ತದೆ.

ತೃತೀಯ ಕರ್ತವ್ಯ ಜಾಗವನ್ನು ಬಿಡಿಸುವುದು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಉಪಕರಣದಲ್ಲಿ ‘ಸಿ’ ಎಂಬ ಹಿಸ್ಸೆಯನ್ನು ಆರಿಸಿ, ಶ್ರಿಂಕ್ ವಾಲ್ಯೂಮ್ ಎಂಬ ಆಯ್ಕೆಯಿಂದ ಅದನ್ನು ಕುಗ್ಗಿಸಬೇಕು. ೫೦೦ ಗಿಗಾಬೈಟ್‌ಗಳ ಡಿಸ್ಕಾದರೆ ೧೦೦ ಗಿಗಾಬೈಟ್ ಬಿಡಿಸಿದರೆ ಧಾರಾಳವಾಯಿತು. ಅಲ್ಲಿ ಮೆಗಾಬೈಟ್‌ಗಳಲ್ಲಿ ಕೇಳುವುದರಿಂದ ೧,೦೨,೪೦೦ ಎಂದು ಬರೆಯಬೇಕು. ಬಿಡಿಸಿದ ಜಾಗವನ್ನು ಖಾಲಿಯಾಗಿಯೇ ಬಿಡತಕ್ಕದ್ದು. ಅದಕ್ಕೆ ಬದು ಹಾಕುವ ಕೆಲಸ ಲಿನಕ್ಸಿನದು.

ಆ ಬಳಿಕ ಲಿನಕ್ಸ್ ಮಿಂಟ್‌ನ ಪ್ರತಿಕೃತಿಯನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ರೂಫಸ್ ಎಂಬ ಕಿರು ತಂತ್ರಾಂಶದ ನೆರವಿನಿಂದ ೮ ಗಿಗಾಬೈಟ್‌ಗಳ ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದೆಂಬ ಎಚ್ಚರವಿರಲಿ. ಅದನ್ನು ಯಂತ್ರಕ್ಕೆ ಚುಚ್ಚಿ, ಯಂತ್ರವನ್ನು ಆರಂಭಿಸುವಾಗ ಎಫ್ ೧೨ ಮೊದಲಾದ ಕೀಲಿಯನ್ನು ಒತ್ತಿದರೆ, ಯಾವುದರಿಂದ ಆರಂಭಿಸಬೇಕೆಂಬ ಪಟ್ಟಿ ತೋರುತ್ತದೆ. ಈ ಕೀಲಿಯು ಯಂತ್ರದ ತಯಾರಕರನ್ನು ಅನುಸರಿಸಿ ಬೇರೆಯಾಗುವುದುಂಟು. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಬಾರಿ ಕಂಡರೆ, ಒಂದು ಯು.ಇ.ಎಫ್.ಐ. ಎಂಬ ಹೊಸ ಆರಂಭಕ್ರಮದ್ದು, ಇನ್ನೊಂದು ಬಯೋಸ್ ಎಂಬ ಹಳೆಯ ಕ್ರಮದ್ದು. ವಿಂಡೋಸ್ ಯಾವ ಕ್ರಮದಲ್ಲಿದೆಯೋ ಅದನ್ನೇ ಲಿನಕ್ಸಿಗೂ ಆರಿಸಬೇಕು. ವಿಂಡೋಸಿನ ಸಿಸ್ಟಂ ಇನ್‌ಫರ್ಮೇಶನ್ ಎಂಬ ಪುಟದಲ್ಲಿ ಇದು ತಿಳಿಯುತ್ತದೆ.

ಇಲ್ಲೊಂದು ದೊಡ್ಡ ಅನುಕೂಲವುಂಟು. ಡಿಸ್ಕಿನಲ್ಲಿ ಏನನ್ನೂ ಬರೆಯದೆ ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು. ಧ್ವನಿ, ಅಂತರ್ಜಾಲ, ಮುದ್ರಣಯಂತ್ರ ಇವೆಲ್ಲ ಸರಿಯಾಗಿ ನಡೆಯುವವೇ ಎಂದು ಪರೀಕ್ಷಿಸಿಕೊಂಡ ಮೇಲೆಯೇ ಸ್ಥಾಪನೆಗೆ ತೊಡಗಬೇಕು. ಸ್ಥಾಪನೆಯ ನಡುವೆ ವಿದ್ಯುತ್ತು ಹೋದರೆ ಅನರ್ಥವಾದುದರಿಂದ ಯು.ಪಿ.ಎಸ್. ಇರುವುದು ಅವಶ್ಯ. ಸ್ಥಾಪನೆಯ ಮಧ್ಯದಲ್ಲಿ ಎರಡು ಆಯ್ಕೆಗಳು ಎದುರಾಗುತ್ತವೆ: ವಿಂಡೋಸಿನ ಪಕ್ಕದಲ್ಲಿ ನೆಲೆಗೊಳಿಸುವುದು ಒಂದು, ಇಡೀ ಡಿಸ್ಕನ್ನು ಅಳಿಸಿ ನೆಲೆಗೊಳಿಸುವುದು ಇನ್ನೊಂದು. ಮೊದಲನೆಯದೇ ನಮಗೆ ಬೇಕಾದುದು. ಎರಡನೆಯದನ್ನು ಒತ್ತಿದರೆ ಹೊಲದ ಬದುಗಳೆಲ್ಲವೂ ಅಳಿದುಹೋಗುತ್ತವೆ. ಆದ್ದರಿಂದ ಈ ಪುಟದಲ್ಲಿ ಇಬ್ಬರು ಒಟ್ಟಿಗೆ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಒಪ್ಪಿದ ಮೇಲೆ ಮುಂದುವರಿಯುವುದು ಕ್ಷೇಮ.

ಸ್ಥಾಪನೆ ಮುಗಿದು ಯಂತ್ರವನ್ನು ಪುನಃ ಆರಂಭಿಸಿದಾಗ ಗ್ರಬ್ ಎಂಬ ಪುಟ್ಟ ತಂತ್ರಾಂಶವು ದ್ವಾರಪಾಲಕನಂತೆ ನಿಂತು, ಲಿನಕ್ಸೋ ವಿಂಡೋಸೋ ಎಂದು ಕೇಳುತ್ತದೆ. ಲಿನಕ್ಸಿನಲ್ಲಿ ಕನ್ನಡ ಬರೆಯುವವರು ಹೊಸ ಕೀಲಿಮಣೆಯನ್ನು ಕಲಿಯಬೇಕಾಗಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಿಂದ ನಮಗೆ ಅಭ್ಯಾಸವಾಗಿರುವ ವಿನ್ಯಾಸವೇ ಅಲ್ಲಿಯೂ ದೊರೆಯುತ್ತದೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳೂ ಉಂಟು. ಆರಂಭದಲ್ಲಿ ಗಡಿಯಾರದ ವಿಷಯವೊಂದು ಗೊಂದಲವೆನಿಸಬಹುದು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದೂ ಲಿನಕ್ಸ್ ವಿಶ್ವಕಾಲವೆಂದೂ ಗ್ರಹಿಸುವುದರಿಂದ, ಒಂದರಿಂದ ಇನ್ನೊಂದಕ್ಕೆ ಹೋದಾಗ ಐದೂವರೆ ಗಂಟೆಗಳ ವ್ಯತ್ಯಾಸ ತೋರುತ್ತದೆ. ಇದು ಯಂತ್ರದೋಷವಲ್ಲ, ಸ್ಥಳೀಯ ಕಾಲವನ್ನೇ ಅನುಸರಿಸುವಂತೆ ಲಿನಕ್ಸಿಗೆ ಒಂದು ಬಾರಿ ಸೂಚಿಸಿದರೆ ಸರಿಹೋಗುತ್ತದೆ.

ಈ ಏರ್ಪಾಡಿನ ಮಿತಿಗಳನ್ನೂ ಹೇಳುವುದು ನ್ಯಾಯ. ಎರಡು ವ್ಯವಸ್ಥೆಗಳಿದ್ದರೂ ಒಂದು ಸಮಯಕ್ಕೆ ನಡೆಯುವುದು ಒಂದೇ. ಡಿಸ್ಕು ಕೆಟ್ಟರೆ ಎರಡೂ ಕೆಡುತ್ತವೆ. ಆದುದರಿಂದ ಸ್ಥಾಪನೆಯ ನಂತರವೂ ಪ್ರತಿ ತೆಗೆಯುವ ಕಾರ್ಯ ನಿಲ್ಲುವಂತಿಲ್ಲ. ಪಕ್ಕದಲ್ಲಿ ಲಿನಕ್ಸ್ ಬಂದ ಮಾತ್ರಕ್ಕೆ ಹಳೆಯ ವಿಂಡೋಸ್ ಸುರಕ್ಷಿತವಾಗುವುದಿಲ್ಲ. ಅದನ್ನು ಅಂತರ್ಜಾಲಕ್ಕೆ ಜೋಡಿಸದೆ ಹಳೆಯ ಕಡತಗಳ ಕೆಲಸಕ್ಕಷ್ಟೇ ಬಳಸಿ, ಅಂತರ್ಜಾಲದ ವ್ಯವಹಾರವನ್ನೆಲ್ಲ ಲಿನಕ್ಸಿನಲ್ಲಿ ನಡೆಸುವುದು ಯುಕ್ತ.

ಅಧ್ಯಾಪಕರು ಒಂದು ಯಂತ್ರದಿಂದ ಆರಂಭಿಸಿ, ಒಂದು ತಿಂಗಳು ಬಳಸಿ ನೋಡಿ, ಅನಂತರ ಉಳಿದವನ್ನು ಕೈಗೆತ್ತಿಕೊಳ್ಳುವುದು ಲೇಸು. ಗಣಕವಿದ್ಯೆಯಲ್ಲಿ ನುರಿತ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನಗಳನ್ನು ಇದಕ್ಕೆ ಕೊಟ್ಟರೆ ಶಾಲೆಗೆ ಮಹದುಪಕಾರ. ದಾನಿಗಳಾದವರು ಹೊಸ ಯಂತ್ರವನ್ನೇ ಕೊಡಬೇಕೆಂದಿಲ್ಲ; ಒಂದು ಹೊರಡಿಸ್ಕು, ಒಂದು ಯು.ಪಿ.ಎಸ್., ಹಳೆಯ ಯಂತ್ರಕ್ಕೆ ಒಂದಿಷ್ಟು ಸ್ಮೃತಿ, ನಿಧಾನವಾದ ಹಾರ್ಡ್‌ಡಿಸ್ಕಿಗೆ ಬದಲಾಗಿ ಒಂದು ಎಸ್.ಎಸ್.ಡಿ. ಇಷ್ಟು ಒದಗಿದರೂ ಅವರು ಹಿಂದೆ ಕೊಟ್ಟ ಯಂತ್ರವು ಇನ್ನೂ ಹಲವು ವರ್ಷ ಮಕ್ಕಳ ಕೈಯಲ್ಲಿ ದುಡಿಯುತ್ತದೆ. ನುಡಿಯ ಕಡತಗಳು ಒಂದೊಂದಾಗಿ ಯೂನಿಕೋಡಿಗೆ ಬಂದು ಸೇರಿದಂತೆ ಹಳೆಯ ವ್ಯವಸ್ಥೆಯ ಅಗತ್ಯವು ತಾನಾಗಿಯೇ ಕುಗ್ಗುವುದು. ಅಲ್ಲಿಯವರೆಗೆ ಎರಡೂ ಒಂದೇ ಯಂತ್ರದಲ್ಲಿ, ತಮ್ಮ ತಮ್ಮ ಬದುವಿನೊಳಗೆ ಇರಲಿ.