ಕ್ರೈಸ್ತವಿಶ್ವಾಸತ್ಯಾಗವೂ ವ್ಯವಹಾರನಿರ್ಣಯವೂ

ಮತಾಂತರವೆಂಬ ಶಬ್ದವು ಕನ್ನಡದಲ್ಲಿ ರೂಢವಾಗಿದೆ. ಒಂದು ಮತವನ್ನು ಬಿಟ್ಟು ಮತ್ತೊಂದನ್ನು ಹಿಡಿಯದಿರುವ ಸ್ಥಿತಿಗೆ ಅಂಥ ರೂಢಶಬ್ದವಿಲ್ಲ. ಬಹುಕಾಲ ಕ್ರೈಸ್ತನಾಗಿದ್ದು ಆಮೇಲೆ ಆ ನಂಬಿಕೆಯನ್ನು ತೊರೆದವನನ್ನು ನಾಸ್ತಿಕನೆನ್ನುವುದು ಲೋಕವಾಡಿಕೆ. ಪಾಣಿನಿಯು ಆಸ್ತಿಕ, ನಾಸ್ತಿಕ ಪದಗಳನ್ನು ಪುರುಷನ ಮತಿಯನ್ನು ಹಿಡಿದು ಸಾಧಿಸುತ್ತಾನೆ. ಮನುವಾದರೋ ವೇದನಿಂದಕನನ್ನು ನಾಸ್ತಿಕನೆಂದು ಕರೆಯುತ್ತಾನೆ. ವೇದವನ್ನು ಮೊದಲೇ ಒಪ್ಪದ ಕ್ರೈಸ್ತನಲ್ಲಿ ಎರಡನೆಯ ಲಕ್ಷಣವು ಯಾವ ಭೇದವನ್ನೂ ತೋರಿಸಲಾರದು. ಮೊದಲನೆಯದೇ ಇಲ್ಲಿ ಗ್ರಾಹ್ಯ. ಆದರೆ ಮತಿಯು ಅಂತರಂಗದ್ದು. ದಾಯಭಾಗ ವಿವಾಹಾದಿಗಳಲ್ಲಿ ನಿರ್ಣಯ ಹೇಳುವವರು ಬಹಿರಂಗವಾದ ಸಾಕ್ಷ್ಯವನ್ನೇ ಕೇಳುತ್ತಾರೆ.

ಮತವನ್ನು ತ್ಯಜಿಸಿದ ಮಾತ್ರಕ್ಕೆ ಸ್ವತ್ತಿನ ಹಕ್ಕು ಹೋಗದೆಂದು ವಿಧಿಸಿದ್ದು ೧೮೫೦ರ ಇಪ್ಪತ್ತೊಂದನೆಯ ಕಾಯಿದೆ. ಅದರಿಂದ ಮುಖ್ಯವಾಗಿ ಪ್ರಯೋಜನ ಪಡೆದವರು ಕ್ರೈಸ್ತರಾದ ಹಿಂದುಗಳು. ಆದರೂ ಅದರ ಮಾತಿನಲ್ಲಿ ತ್ಯಾಗವೇ ಸಾಕಾಗಿತ್ತು, ಹೊಸದೊಂದರ ಸ್ವೀಕಾರ ಬೇಕಿರಲಿಲ್ಲ. ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲೂಕಿನಲ್ಲಿಯೂ ಸವದತ್ತಿಯು ಪರಸಗಡ ತಾಲೂಕಿನಲ್ಲಿಯೂ ಇದ್ದು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಆ ಕಾಯಿದೆ ಅಲ್ಲಿ ನೇರವಾಗಿ ನಡೆಯುತ್ತಿತ್ತು. ರಾಮದುರ್ಗವು ೧೯೪೮ರಲ್ಲಿ ವಿಲೀನವಾಗುವವರೆಗೂ ಸಂಸ್ಥಾನ; ಬ್ರಿಟಿಷ್ ಹಿಂದುಸ್ತಾನದ ಶಾಸನವು ಅಲ್ಲಿ ತಾನಾಗಿ ಸಲ್ಲುತ್ತಿರಲಿಲ್ಲ. ನೆರೆಹೊರೆಯ ಊರುಗಳಲ್ಲಿಯೇ ಹಕ್ಕಿನ ಆಧಾರವು ಹೀಗೆ ಬೇರೆಯಾಗಿತ್ತು.

ನಡತೆಯಿಂದ ನಿರ್ಣಯಿಸುವ ಕ್ರಮಕ್ಕೆ ಬಳ್ಳಾರಿಯ ಏಬ್ರಹಾಂ ಮನೆತನದ ವ್ಯಾಜ್ಯವು ಪ್ರಸಿದ್ಧ ನಿದರ್ಶನ. ಮ್ಯಾಥ್ಯೂ ಏಬ್ರಹಾಂ ೧೮೪೨ರಲ್ಲಿ ತೀರಿಕೊಂಡ ಮೇಲೆ ಅವನ ವಿಧವೆ ಷಾರ್ಲಟ್‌ಗೂ ತಮ್ಮ ಫ್ರಾನ್ಸಿಸ್‌ಗೂ ಆಸ್ತಿಯ ವಿವಾದವೆದ್ದಿತು. ೧೮೬೩ರಲ್ಲಿ ಪ್ರೀವಿ ಕೌನ್ಸಿಲ್ ಹೇಳಿದ್ದೇನೆಂದರೆ, ಕ್ರೈಸ್ತನಾದವನು ಹಿಂದೂ ನ್ಯಾಯವನ್ನು ಬಿಡಬಹುದು, ಮತ ಬಿಟ್ಟರೂ ಆ ನ್ಯಾಯವನ್ನು ಉಳಿಸಿಕೊಳ್ಳಲೂಬಹುದು. ಯಾವುದನ್ನು ಆಯ್ದನೆಂಬುದು ಅವನ ಜೀವನಕ್ರಮದಿಂದ ತಿಳಿಯತಕ್ಕದ್ದು. ೧೮೬೫ರ ಉತ್ತರಾಧಿಕಾರದ ಕಾಯಿದೆಯಿಂದ ಈ ಅವಕಾಶವು ಸಂಕುಚಿತವಾಯಿತು.

ವಿವಾಹದ ವಿಷಯದಲ್ಲಿ ತ್ಯಾಗಕ್ಕೂ ಅಂತರಕ್ಕೂ ಇರುವ ಭೇದವು ಇನ್ನೂ ಸ್ಫುಟ. ಕ್ರೈಸ್ತರಿಗೆ ಅನ್ವಯಿಸುವ ೧೮೬೯ರ ವಿಚ್ಛೇದನದ ಕಾಯಿದೆಯು, ಗಂಡನು ಬೇರೆ ಮತವನ್ನು ಹಿಡಿದು ಇನ್ನೊಬ್ಬಳನ್ನು ಮದುವೆಯಾದರೆ ಹೆಂಡತಿಗೆ ಬಿಡುಗಡೆ ಕೊಡುತ್ತಿತ್ತು. ೨೦೦೧ರ ತಿದ್ದುಪಡಿಯಲ್ಲಿ ಎರಡನೆಯ ಮದುವೆಯ ಷರತ್ತು ಹೋಗಿ ಗಂಡಹೆಂಡಿರಿಬ್ಬರಿಗೂ ಹಕ್ಕು ಸಮನಾಯಿತು. ಆದರೆ ಬೇರೊಂದು ಮತಕ್ಕೆ ಸೇರಿ ಕ್ರೈಸ್ತತನ ಕಳೆದುಕೊಂಡಿರಬೇಕೆಂಬ ಮಾತು ಉಳಿಯಿತು. ಬರಿದೆ ನಂಬಿಕೆ ತೊರೆದರೆ ಅದು ಕಾರಣವಾಗದು. ಇದಕ್ಕೆ ವಿಲಕ್ಷಣವಾದುದು ೧೮೭೨ರ ವಿಶೇಷ ವಿವಾಹದ ಕಾಯಿದೆ. ವಧೂವರರು ತಾವು ಕ್ರೈಸ್ತಾದಿ ಹೆಸರಿಸಲ್ಪಟ್ಟ ಮತಗಳಲ್ಲಿ ಯಾವುದನ್ನೂ ಅವಲಂಬಿಸಿಲ್ಲವೆಂದು ಘೋಷಿಸತಕ್ಕದ್ದೆಂದು ಅದು ವಿಧಿಸಿತು. ವಿಶ್ವಾಸ ಬಿಟ್ಟವನಿಗೆ ನೇರವಾಗಿ ಒದಗಿದ ಆಶ್ರಯ ಇದೊಂದೇ ಎನ್ನಬಹುದು. ನಿರಾಕರಣವನ್ನು ಬಾಯಿಬಿಟ್ಟು ಹೇಳಿಸುವ ಈ ಕ್ರಮವು ಶ್ಲಾಘ್ಯವೇನಲ್ಲ. ೧೯೫೪ರ ಕಾಯಿದೆಯಲ್ಲಿ ಆ ಘೋಷಣೆ ಉಳಿಯಲಿಲ್ಲ.

ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ ೧೯೬೭ರಲ್ಲಿ ಗೆದ್ದ ಎಸ್. ರಾಜಗೋಪಾಲರು ಹುಟ್ಟಿನಿಂದ ಆದಿದ್ರಾವಿಡರು, ೧೯೪೯ರಲ್ಲಿ ಕ್ರೈಸ್ತರಾದವರು. ಹಿಂದೂಮತಕ್ಕೆ ಮರಳಿರುವೆನೆಂಬ ಅವರ ವಾದವನ್ನು ಸರ್ವೋಚ್ಚ ನ್ಯಾಯಾಲಯವು ೧೯೬೮ರಲ್ಲಿ ಒಪ್ಪಿಯೂ, ಜಾತಿಯವರು ಮರಳಿ ಸ್ವೀಕರಿಸಿದ್ದಕ್ಕೆ ಸಾಕ್ಷ್ಯವಿಲ್ಲವೆಂದು ಆಯ್ಕೆಯ ರದ್ದತಿಯನ್ನು ಎತ್ತಿಹಿಡಿಯಿತು. ೧೯೭೨ರಲ್ಲಿ ಅವರು ಮತ್ತೆ ಗೆದ್ದರು. ೧೯೭೫ರ ಡಿಸೆಂಬರಿನ ತೀರ್ಪಿನಲ್ಲಿ ಸಮುದಾಯದ ಸ್ವೀಕಾರವು ಸಿದ್ಧವಾಯಿತೆಂದು ಆಯ್ಕೆಯು ಉಳಿಯಿತು. ಕ್ರೈಸ್ತವಿಶ್ವಾಸವನ್ನು ಬಿಟ್ಟೂ ಯಾವ ಮತವನ್ನೂ ಅವಲಂಬಿಸದವನಿಗೆ ಇಂಥ ಮೀಸಲು ಸ್ಥಾನ ದೊರೆಯದು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಮತವನ್ನೂ, ೧೯೫೬ರಿಂದ ಸಿಖ್ಖಮತವನ್ನೂ, ೧೯೯೦ರಿಂದ ಬೌದ್ಧಮತವನ್ನೂ ಮಾತ್ರ ಹೇಳುತ್ತದೆ.