ಬೇವಿನ ಮರದ ಪಾಸ್‌ಬುಕ್

ಮಕ್ಕಳೇ, ಬರಗಾಲದ ವರ್ಷ ಅಥಣಿ, ಕಾಗವಾಡದ ಹೊಲಗಳನ್ನು ನೋಡಿದ್ದೀರಾ? ಬೆಳೆ ಒಣಗಿರುತ್ತದೆ. ಬದುವಿನ ಬೇವು, ಬನ್ನಿ, ಜಾಲಿ ಮಾತ್ರ ಹಸಿರಾಗಿರುತ್ತವೆ. ಸತ್ತೇಹೋಯಿತು ಎಂದುಕೊಂಡ ಕರಕಿ ಹುಲ್ಲು ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಪೆಟ್ಟು ತಿಂದರೂ ಎದ್ದು ನಿಲ್ಲುವ ಈ ಗುಣವೇ ಚೇತರಿಕೆಯ ಶಕ್ತಿ.

ಬರದ ಒಂದು ಕಾರಣ ಬಹುದೂರದ ಪೆಸಿಫಿಕ್ ಸಾಗರದಲ್ಲಿದೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಅಲ್ಲಿನ ನೀರು ಎಂದಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಇದನ್ನು ಕಾಣುತ್ತಿದ್ದ ಪೆರು ದೇಶದ ಮೀನುಗಾರರು ‘ಎಲ್ ನಿನೊ’, ಅಂದರೆ ಬಾಲಯೇಸು ಎಂದು ಹೆಸರಿಟ್ಟರು. ಅದು ಬಂದ ವರ್ಷ ನಮ್ಮ ಮುಂಗಾರು ಸೊರಗುವುದೇ ಹೆಚ್ಚು. 1972, 2015, 2023 ಅಂಥ ವರ್ಷಗಳು. ಮೂರರಲ್ಲೂ ಬರ ಬಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು.

ಹಿಂದೂ ಮಹಾಸಾಗರಕ್ಕೂ ಇಂಥದೇ ಏರಿಳಿತವಿದೆ. ಅದರ ಪಶ್ಚಿಮ ಭಾಗ ಬಿಸಿಯೇರಿದರೆ ನಮಗೆ ಮಳೆ ಹೆಚ್ಚುವ ಸಾಧ್ಯತೆಯುಂಟು. 2019 ಅಂಥ ವರ್ಷ. ಆ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಬ್ಬು ನೀರಲ್ಲಿ ನಿಂತು ಕೊಳೆಯಿತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಜಮಾ-ಖರ್ಚಿನ ಲೆಕ್ಕದಂತೆ ಕಾಣುತ್ತದೆ. ಒಳ್ಳೆಯ ಮಳೆಯಾದಾಗ ಮರ ಬೇರನ್ನು ಆಳಕ್ಕಿಳಿಸುತ್ತದೆ. ಬೇರು, ಕಾಂಡಗಳಲ್ಲಿ ಪಿಷ್ಟ ಜಮಾ ಮಾಡುತ್ತದೆ. ಬರದಲ್ಲಿ ಅದನ್ನೇ ಖರ್ಚು ಮಾಡಿ ಬದುಕುತ್ತದೆ. ಮತ್ತೆ ಜಮಾ ಆಗುವ ಮೊದಲೇ ಇನ್ನೊಂದು ಬರ ಬಂದರೆ? ಖಾತೆ ಬರಿದಾಗುತ್ತದೆ.

ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿಗೆ ಹಾಗೇ ಆಗುತ್ತಿದೆ. 2005, 2010, 2015ರಲ್ಲಿ ಅಲ್ಲಿ ಒಂದರ ಹಿಂದೊಂದು ದೊಡ್ಡ ಬರ ಬಂದವು. ಜೊತೆಗೆ ಮನುಷ್ಯನ ಕೊಡಲಿ, ಬೆಂಕಿ. ಈ ಶತಮಾನದಲ್ಲಿ ಆ ಕಾಡಿನ ಮುಕ್ಕಾಲಿಗಿಂತ ಹೆಚ್ಚು ಭಾಗದ ಚೇತರಿಕೆಯ ಶಕ್ತಿ ಕುಗ್ಗಿದೆ ಎಂದು ಉಪಗ್ರಹ ಚಿತ್ರಗಳಿಂದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಸಮುದ್ರದ ಏರಿಳಿತವನ್ನು ನಾವು ನಿಲ್ಲಿಸಲಾರೆವು. ಆದರೆ ಇನ್ನೊಂದು ಸಾಲು ಕಬ್ಬಿನ ಆಸೆಗೆ ಬದುವಿನ ಬೇವು ಕಡಿಯುವುದು ಅವಧಿಗೆ ಮೊದಲೇ ಠೇವಣಿ ಮುರಿದಂತೆ. ಅದು ನಮ್ಮ ಕೈಯಲ್ಲೇ ಇದೆ.

ಇಂದು ಸಂಜೆ ಅಜ್ಜ-ಅಜ್ಜಿಯನ್ನು ಕೇಳಿ: 1972ರ ಬರದಲ್ಲಿ ನಮ್ಮೂರಿನ ಯಾವ ಮರ ಹಸಿರಾಗಿತ್ತು? ಅದು ಇನ್ನೂ ಇದ್ದರೆ ಹೋಗಿ ನೋಡಿ ಬನ್ನಿ. ಇಲ್ಲದಿದ್ದರೆ, ಬರುವ ಮುಂಗಾರಿಗೆ ಆ ಜಾತಿಯದೇ ಒಂದು ಸಸಿ ನೆಡಿ. ಮೊದಲ ಎರಡು-ಮೂರು ಬೇಸಿಗೆ ನೀರು ಹಾಕಿ. ಆಮೇಲೆ ಅದರ ಖಾತೆಯನ್ನು ಅದೇ ನೋಡಿಕೊಳ್ಳುತ್ತದೆ.