ಕಾರಕೂನರ ಕುರ್ಚಿ

ಜೋರಾಪುರ ಪೇಟೆಯಿಂದ ತಾವು ದವಾಖಾನೆಗೆ ಹೋದಿರೆನ್ನಿ. ಅಲ್ಲಿ ಮೊದಲು ಭೇಟಿಯಾಗುವವರು ವೈದ್ಯರಲ್ಲ. ಹೆಸರು, ವಯಸ್ಸು, ಊರು ಕೇಳಿ ಚೀಟಿ ಕೊಡುವ ಕಾರಕೂನರು. ಸಾಲು ಮುಂದೆ ಸರಿಯದಿದ್ದರೆ ಅವರನ್ನು ಸೋಮಾರಿಗಳೆಂದು ಬಯ್ಯುತ್ತೇವೆ. ಅವರು ಕುಳಿತ ಕುರ್ಚಿಯನ್ನು ಮಾತ್ರ ಯಾರೂ ನೋಡುವುದಿಲ್ಲ.

ಇಟಲಿಯ ವೈದ್ಯ ಬೆರ್ನಾರ್ಡಿನೊ ರಮಾತ್ಸಿನಿ 1700ರಲ್ಲಿ ಕಸುಬುಗಳಿಂದ ಬರುವ ಬೇನೆಗಳನ್ನು ಕುರಿತು ಗ್ರಂಥ ಬರೆದನು. 1713ರ ಆವೃತ್ತಿಯಲ್ಲಿ ಬರೆಯುವ ಕಸುಬಿನವರನ್ನೂ ಸೇರಿಸಿ, ಅವರ ಬೇನೆಗೆ ಮೂರು ಕಾರಣ ಹೇಳಿದನು: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ಲೇಖಣಿ ಹೋಗಿ ಗಣಕಯಂತ್ರ ಬಂದಿತು. ಮೂರೂ ಕಾರಣಗಳು ಹಾಗೆಯೇ ಉಳಿದಿವೆ.

ಕುಳಿತವರಿಗೆ ದಣಿವೇತಕ್ಕೆ ಎಂದು ಕೇಳುವಿರೇನು? ಒಂದು ತಂಬಿಗೆ ನೀರನ್ನು ಚಾಚಿದ ಕೈಯಲ್ಲಿ ಹಿಡಿದು ನಿಂತು ನೋಡಿರಿ. ಭಾರ ಹೆಚ್ಚಿಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲೇ ತೋಳು ನಡುಗುತ್ತದೆ. ಬಿಗಿದ ಸ್ನಾಯು ಸಡಿಲವಾಗದಿದ್ದರೆ ಅದರೊಳಗೆ ರಕ್ತ ಸರಾಗವಾಗಿ ಹರಿಯದು. ತಗ್ಗಿನಲ್ಲಿಟ್ಟ ಪರದೆಯ ಕಡೆಗೆ ಬಾಗಿದ ಕತ್ತು ದಿನವಿಡೀ ಇಂಥದೇ ತಂಬಿಗೆ ಹೊತ್ತಿರುತ್ತದೆ. ಕತ್ತು ನೋಯುವಾಗ ಗಮನ ಚದುರುತ್ತದೆ. ಒಬ್ಬರ ವಯಸ್ಸು ಇನ್ನೊಬ್ಬರ ಹೆಸರಿನ ಮುಂದೆ ಬಿದ್ದರೆ ಹಳೆಯ ಕಾಗದಪತ್ರ ಹುಡುಕುವುದು ಎಷ್ಟು ಕಷ್ಟ!

ದವಾಖಾನೆಯ ಕಿಟಕಿಯಲ್ಲಿ ಇನ್ನೊಂದು ತೊಡಕಿದೆ. ರೋಗಿಯ ಕಡೆಯವರು ನಿಂತಿರುತ್ತಾರೆ, ಕಾರಕೂನರು ಕುಳಿತಿರುತ್ತಾರೆ. ಪ್ರತಿಯೊಬ್ಬರಿಗೂ ಕತ್ತೆತ್ತಬೇಕು, ಮತ್ತೆ ತಗ್ಗಿಸಬೇಕು. ಕುರ್ಚಿ, ಮೇಜುಗಳನ್ನು ಎತ್ತರಿಸಿ, ಕಾಲಿಗೆ ಮಣೆ ಕೊಟ್ಟರೆ ಕಣ್ಣಿಗೆ ಕಣ್ಣು ಸರಿಹೋಗುತ್ತದೆ. ಒಬ್ಬ ಬಡಗಿಯ ಕೆಲಸವಷ್ಟೆ.

ಪೇಟೆಯ ಹಳೆಯ ಮುನೀಮರು ಗಾದಿಯ ಮೇಲೆ ಲೋಡಿಗೊರಗಿ, ಇಳಿಜಾರು ಪೆಟ್ಟಿಗೆಯ ಮೇಲೆ ಖಾತೆ ಬರೆಯುತ್ತಿದ್ದರು. ಮೊಣಕಾಲಿಗೆ ಅದು ಹಿತವಲ್ಲ. ಆದರೆ ಪುಸ್ತಕವನ್ನು ಕಣ್ಣಿನ ಸಮೀಪಕ್ಕೆ ತಂದ ಆ ಇಳಿಜಾರು ಜಾಣತನದ್ದು. ಪರದೆಗೂ ಅದೇ ನ್ಯಾಯ: ಒಂದು ತೋಳಿನ ದೂರ, ಮೇಲಂಚು ಕಣ್ಣಿನ ಮಟ್ಟಕ್ಕೆ; ಎರಡು ಭಾಗದ ಕನ್ನಡಕ ಹಾಕುವವರಿಗೆ ಇನ್ನೂ ಸ್ವಲ್ಪ ತಗ್ಗು. ನಮ್ಮ ವಿಜಯಪುರದ ಬಿಸಿಲು ಕಿಟಕಿಯಿಂದ ಪರದೆಯ ಮೇಲೆ ಬೀಳದಿರಲಿ. ಪರದೆ ನೋಡುವವರು ಕಣ್ಣು ಮಿಟುಕಿಸುವುದೇ ಕಡಿಮೆ. ಪಂಖದ ಗಾಳಿ ನೇರ ಮುಖಕ್ಕೆ ಬಡಿದರೆ ಕಣ್ಣು ಇನ್ನೂ ಒಣಗುತ್ತದೆ.

ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಮೇಲಧಿಕಾರಿಗಳು ಕೋಪಿಸಿಕೊಳ್ಳದಿರಲಿ. ತಮ್ಮ ಮನೆಯಲ್ಲಿ ಇಂಥ ಕೆಲಸದವರಿದ್ದು, ರಾತ್ರಿ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತಿದ್ದರೆ, ಎಣ್ಣೆ ತಿಕ್ಕಿ ಸುಮ್ಮನಾಗಬೇಡಿರಿ. ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟಿರಬಹುದು. ವೈದ್ಯರಿಗೆ ಬೇಗ ತೋರಿಸಿರಿ.